ಶೇರಾ

ಫಾರ್ಮಿನಲ್ಲಿ ಹದಿನಾರು ಪ್ರಶ್ನೆ.
ಗೂಡು ಎಷ್ಟು, ನೀರಿನ ಮೂಲ ಯಾವುದು,
ಡಾಕ್ಟರು ವಾರಕ್ಕೆ ಎಷ್ಟು ಸಲ.

ದಾವಲಬಿ ಮೊದಲು ನನ್ನ ಚಪ್ಪಲಿ ಬಿಡಿಸಿದಳು.
"ಬರಿಗಾಲಿಲೆ ಬರ್ರಿ.
ನಿಮಗ ಸುಟ್ಟರ ಅವಕ್ಕೂ ಸುಡತೈತಿ."
ನವನಗರದ ಮೇ ತಿಂಗಳು, ಮಧ್ಯಾಹ್ನ ಎರಡೂವರೆ.
ತಗಡಿನ ಮೇಲೆ ತೊಯ್ದ ಗೋಣಿಚೀಲ,
ಕೆಳಗೆ ಶಹಾಬಾದಿ ಕಲ್ಲು.

ಗೋಡೆಯ ಮೂಲೆಮೂಲೆಗೂ ಕೌದಿಯ ತುಂಡು ಬಡಿದಿದ್ದಳು,
ಸರಿಯಾಗಿ ಕತ್ತೆಯ ಹಣೆಯ ಎತ್ತರಕ್ಕೆ.
ಇಟ್ಟಂಗಿ ಭಟ್ಟಿಯವರು ಬಿಟ್ಟುಹೋದ ಕುರುಡು ಕತ್ತೆ.
"ಈಗ ಹಾದಿ ಗೊತ್ತಾಗೇತಿ ಬಿಡ್ರಿ.
ಆದರೂ ಇರಲಿ,
ನಿದ್ದಿಗಣ್ಣಾಗ ಮರೀತೈತಿ."

ಒಂದು ಕಂದು ನಾಯಿ
ಬೊಗಳಲಿಲ್ಲ, ಬಾಲ ಆಡಿಸಲಿಲ್ಲ,
ಗೋಡೆಗೆ ಮುಖ ಮಾಡಿ ಕೂತಿತ್ತು.
ಕೈ ಚಾಚಿದೆ.
"ಬ್ಯಾಡ್ರಿ. ಅದು ಒಲ್ಲೆ ಅಂದೈತಿ.
ಇಲ್ಲಿ ಅದರ ಮಾತು ನಡೀತೈತಿ."
ಇದು ಎಷ್ಟನೆಯ ಪ್ರಶ್ನೆಗೆ ಉತ್ತರ?
ಪೆನ್ನು ಹಿಡಿದು ನಿಂತೆ.

ಆ ಮೂರು ಗೂಡು ಯಾಕೆ ಖಾಲಿ ಎಂದೆ,
ತಪ್ಪು ಹಿಡಿದವನ ದನಿಯಲ್ಲಿ.
ದಾವಲಬಿ ಆಗಷ್ಟೇ ನಕ್ಕಳು.
"ಮನೀ ಸಿಕ್ಕಾವು."
ಸುಣ್ಣ ಬಳಿದು, ಬಾಗಿಲು ತೆಗೆದು
ಒಣಗಲು ಬಿಟ್ಟಿದ್ದಳು.

ಹದಿನಾರನ್ನೂ ಹಾಗೇ ಬಿಟ್ಟು
ಕೊನೆಗೆ ಶೇರಾ ಎಂಬಲ್ಲಿ ಬರೆದೆ:
ನೆಲ ತಣ್ಣಗಿದೆ.

ಹೊರಗೆ ಬಂದರೆ
ಒಂದೇ ಚಪ್ಪಲಿ.
ಇನ್ನೊಂದರ ಪಟ್ಟಿ ಕಚ್ಚಿಕೊಂಡು
ಮೂರು ಕಾಲಿನ ಮರಿ
ಓಡುತ್ತಿತ್ತು.