ಪಾಯಿಂಟ್ ಸೊನ್ನೆ ಮೂರು

ಮುಹರ್ರಕ್ಕಿನ ಈ ಫ್ಲ್ಯಾಟಿನಿಂದ ಕಡಲಿಗೆ
ಎರಡು ಗಲ್ಲಿ, ಒಂದು ಸಿಗ್ನಲ್ಲು.
ಆದರೂ ಉಪ್ಪನ್ನು ಬಕೆಟ್ಟಿನಲ್ಲಿ ಕೊಳ್ಳುತ್ತೇನೆ, ದಿನಾರು ಎಣಿಸಿ.
ತೊಳೆದ ನೀರಿಗೆ ಕಲಸಿ
ಶುಕ್ರವಾರ ಶುಕ್ರವಾರ ಕಡಲು ಮಾಡುತ್ತೇನೆ.
ಇಲ್ಲಿಯ ಅಸಲಿ ಕಡಲಿಗೆ ಉಪ್ಪು ಜಾಸ್ತಿ, ತಲೆಬಿಸಿಯೂ ಜಾಸ್ತಿ;
ನನ್ನ ಹವಳಗಳಿಗೆ ತಡೆಯುವುದಿಲ್ಲ.

ಹವಳವೆಂದರೆ ನನಗೆ ಮೊದಲು ಗೊತ್ತಿದ್ದದ್ದು
ಅಪ್ಪನ ಉಂಗುರದಲ್ಲಿ ಕೂತ ಕುಜ.
ಜೋಯಿಸರು ಹೇಳಿದ ಬೆರಳು, ಹೇಳಿದ ವಾರ.
ಅದಕ್ಕೆ ಬಾಯಿತ್ತು, ಹಸಿವಿತ್ತು,
ದೀಪ ಆರಿದ ಮೇಲೆ ಕೈ ಚಾಚುತ್ತಿತ್ತು ಎಂದು
ಅಪ್ಪನಿಗೂ ಗೊತ್ತಿರಲಿಲ್ಲ, ಜೋಯಿಸರಿಗೂ.

ಜೂನಿನಲ್ಲಿ ಪಾಚಿ ಬಂತು.
ಮೊದಲು ಕಲ್ಲಿನ ಕಂಕುಳಲ್ಲಿ ಎಳೆಗೂದಲು,
ಆಮೇಲೆ ಗಡ್ಡ,
ಆಮೇಲೆ ಮರಳ ಮೇಲೆ ಕೆಂಪು ಲೋಳೆ,
ಉಕ್ಕಿ ಒಣಗಿದ ಹಾಲಿನಂತೆ ಗುಳ್ಳೆ ಗುಳ್ಳೆ.
ಸುತ್ತಿಗೆ ಹವಳ ಮುದುಡಿ ಕೂತಿತು,
ಮಾತು ಬಿಟ್ಟ ಚಿಕ್ಕಮ್ಮನ ಹಾಗೆ.

ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತಿಕ್ಕಿದೆ.
ದೀಪದ ಹತ್ತು ಗಂಟೆಯನ್ನು ಆರಕ್ಕಿಳಿಸಿದೆ.
ಪಂಪಿನ ಮೂತಿ ತಿರುಗಿಸಿದೆ, ಸ್ಕಿಮ್ಮರಿನ ಲೋಟ ತೊಳೆದೆ
(ಅದರ ವಾಸನೆ! ಮಲ್ಪೆ ಬಂದರಿನ ಮೂರನೇ ದಿನದ ಬಲೆ).
ಫಿಲ್ಟರ್ ಬದಲಿಸಿ ಮೀಟರ್ ಅದ್ದಿದರೆ
ಸೊನ್ನೆ. ನೀರು ನಿರಪರಾಧಿ.
ತೊಟ್ಟಿಯ ಫಾಸ್ಫೇಟು ಮಾತ್ರ
ಪಾಯಿಂಟ್ ಸೊನ್ನೆ ಮೂರು ಇರಬೇಕಾದಲ್ಲಿ
ಪಾಯಿಂಟ್ ನಾಲ್ಕು.

ಈ ಹೆಸರು ನನಗೆ ಹೊಸದಲ್ಲ.
ಹಗಲು ನಾನು ಡಯಾಲಿಸಿಸ್ ಯಂತ್ರಗಳನ್ನು ನೋಡಿಕೊಳ್ಳುವವನು.
ಅಲ್ಲೂ ಅದೇ ಪೊರೆ, ಅದೇ ತೊಳೆದ ನೀರು.
ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತದೆ ಗಾದೆ;
ನನ್ನ ವಾರ್ಡಿನಲ್ಲಿ ಕುಡಿಯುವ ಹಾಗಿಲ್ಲ.
ಹಾಜಿ ಮಕ್ಕಿಯ ಫಾಸ್ಫೇಟು ಪ್ರತಿ ತಿಂಗಳೂ ಮೇಲೆ.
"ಲಬಾನ್ ಕುಡಿದಿರಾ?"
"ವಲ್ಲಾಹಿ, ಇಲ್ಲ."
ಮೀಸೆಯ ತುದಿಯಲ್ಲಿ ಬಿಳಿ ಬೊಟ್ಟು.

ಹಾಗಾದರೆ ನನ್ನ ತೊಟ್ಟಿಯ ಲಬಾನ್ ಯಾವುದು?

ಆಗಸ್ಟಿನ ಒಂದು ಜಾವ ಬಾಯಾರಿ ಎದ್ದೆ.
ನೀಲಿ ದೀಪದೆದುರು ಮೋನಬ್ಬ,
ಹಿದ್ದ್ ಬಂದರಿನ ಕ್ರೇನಿನಿಂದ ಇಳಿದ ಬಟ್ಟೆಯಲ್ಲೇ,
ಹಣೆಯಲ್ಲಿನ್ನೂ ಹೆಲ್ಮೆಟ್ಟಿನ ಗೆರೆ,
ಐಸಿನ ಸೀಗಡಿ ಕರಗಿಸಿ, ಕರಗಿದ ನೀರಿನ ಸಮೇತ
ಸುರಿಯುತ್ತಿದ್ದಾನೆ.
"ನೀವು ಸಂಜೆ ಚಿಟಿಕೆ ಹಾಕಿ ಮಲಗ್ತೀರಿ, ಡಾಕ್ಟ್ರೇ.
ಇವು ಮನೆಗೆ ಬಂದವನ ಮುಖ ನೋಡ್ತವೆ.
ಈ ಹೊತ್ತಿಗೆ ಬೇರೆ ಯಾರು ಎದ್ದಿರ್ತಾರೆ?"

ನಾನು ಡಾಕ್ಟರಲ್ಲ. ಎಷ್ಟು ಹೇಳಿದರೂ ಕೇಳುವುದಿಲ್ಲ.
ಅತಿಯಾದರೆ ಅಮೃತವೂ... ಎಂದು ಶುರು ಮಾಡಿದೆ,
ಮುಗಿಸಲಿಲ್ಲ.
ಮರುದಿನ ಸೀಗಡಿಯ ಡಬ್ಬಿ ನನ್ನ ಕೋಣೆಯ ಫ್ರಿಜ್ಜಿಗೆ. ಬೀಗ.
ತೊಟ್ಟಿಗೆ ತುಕ್ಕುಬಣ್ಣದ ಹರಳಿನ ಚೀಲ ಇಳಿಸಿದೆ,
ಒಂದು ಸಾಕಿತ್ತು, ಎರಡು.

ಇಪ್ಪತ್ತು ದಿನ.
ಪಾಚಿ ಬೆಳ್ಳಗಾಗಿ ಉದುರಿತು. ಗಾಜು ಗಾಜಾಯಿತು.
ಪರೀಕ್ಷೆಯ ನಳಿಗೆಯಲ್ಲಿ ನೀಲಿಯ ಸುಳಿವೂ ಇಲ್ಲ.
ಗೆದ್ದೆ ಎಂದು ಚಾ ಮಾಡಿಕೊಂಡು ಬಂದು ಕೂತು
ಮೊದಲ ಬಾರಿ ಸರಿಯಾಗಿ ನೋಡಿದರೆ
ಸುತ್ತಿಗೆ ಹವಳ ಬಿಳಚಿಕೊಂಡಿದೆ,
ಬಟನ್ ಹವಳಗಳು ಅಂಗಿಯಿಂದ ಕಿತ್ತ ಗುಂಡಿಗಳು.

ಪಾಚಿಗೆ ಹಾಕಿದ ಉಪವಾಸ ಹವಳಕ್ಕೂ ತಟ್ಟಿತ್ತು.
ಅದರ ಚರ್ಮದೊಳಗೆ ಒಕ್ಕಲಿರುವುದೂ ಪಾಚಿಯೇ,
ಬಣ್ಣ ಬಳಿಯುವುದು, ಬಿಸಿಲು ಬೇಯಿಸಿ ಬಡಿಸುವುದು ಎಲ್ಲ ಅದೇ.
ಓದಿದ್ದೆ. ಮರೆತಿದ್ದೆ.

ಆ ವಾರ ಹಾಜಿ ಮಕ್ಕಿಗೆ
ಲಬಾನಿನ ಪ್ರಶ್ನೆ ಕೇಳಲಿಲ್ಲ.

ಈಗ ಬೀಗ ತೆಗೆದಿದ್ದೇನೆ. ಒಂದು ಚೀಲ ಹೊರಗೆ.
ಫ್ರಿಜ್ಜಿನ ಬಾಗಿಲಿಗೆ ಚೀಟಿ, ದಪ್ಪ ಅಕ್ಷರದಲ್ಲಿ:
ಜಾಲರಿಯಲ್ಲಿ ತೊಳೆದು. ಆರು ಸೀಗಡಿ. ದಿನ ಬಿಟ್ಟು ದಿನ.

ಬೆಳಿಗ್ಗೆ ಸಿಂಕಿನಲ್ಲಿ ಜಾಲರಿ ಒದ್ದೆ. ತೊಳೆಯುತ್ತಾನೆ, ಪಾಪ.
ಸುತ್ತಿಗೆಯ ತುದಿಗಳಲ್ಲಿ ಹಸಿರು ಮರಳುತ್ತಿದೆ, ತಡವಾಗಿ.
ನಿನ್ನೆಯ ಪರೀಕ್ಷೆ: ಪಾಯಿಂಟ್ ಸೊನ್ನೆ ಐದು.
ಅಂದರೆ ಎಂಟು ಹಾಕುತ್ತಿದ್ದಾನೆ.