ಯಾರ ಕಿವಿ

ಹೆಸರು ಪುಸ್ತಕದ ಕಪಾಟಿನದು,
ಕಪಾಟಿಗೆ ಮಾತ್ರ ಸೇರಿಸಕೂಡದಂತೆ ಈ ಸ್ಪೀಕರು.
ಸೇರಿಸಿ ನೋಡಿದೆ. ಮೃದಂಗಕ್ಕೆ ಗಂಟಲು ಕಟ್ಟಿತು.
ಮೂಲೆಗೆ ತಳ್ಳಿದರೆ
ನೀರಿನ ಡ್ರಮ್ಮಿಗೆ ತಲೆ ತೂರಿಸಿ ಯಾರೋ ಮಾತಾಡಿದಂತೆ.

ಕೃಷ್ಣಮೂರ್ತಿಪುರದ ಮಹಡಿಕೋಣೆ, ಹತ್ತಡಿಗೆ ಹನ್ನೆರಡು,
ಕೆಂಪು ಗಾರೆನೆಲ. ನಡುವೆ ನಿಂತು ಚಪ್ಪಾಳೆ ತಟ್ಟಿದೆ:
ಸಾಲ ಕೇಳಲು ಹೋದವನಂತೆ
ಗೋಡೆಗೋಡೆಗೂ ಅಲೆದು
ಬರಿಗೈಲಿ ವಾಪಸು ಬಂತು.
ಮನೋನ್ಮಣಿ ಅಟ್ಟದಿಂದ ಜಮಖಾನ ಇಳಿಸಿದಳು.

ಹೂ ಕಟ್ಟುವ ದಾರದಲ್ಲಿ ಅಳೆದೆ:
ಗೋಡೆಗೊಂದು ಮೊಳ ಬಿಟ್ಟು
ಪೆಟ್ಟಿಗೆಯಿಂದ ಪೆಟ್ಟಿಗೆಗೆ ಆರಡಿ,
ಪೆಟ್ಟಿಗೆಯಿಂದ ನನ್ನ ಕುರ್ಚಿಗೂ ಆರಡಿ.
ಮೊಗ ಚೂರು ಒಳಕ್ಕೆ.
ಇನ್ನು ಉಳಿದದ್ದು ಎತ್ತರ.

ಕಾಳಾಚಾರಿ ಬಂದ, ಕಿವಿಯ ಮೇಲೆ ಪೆನ್ಸಿಲ್ಲು.
ಕಿವಿಮಟ್ಟಕ್ಕೆ ಎರಡು ಸ್ಟ್ಯಾಂಡು, ಎಂದೆ.
ಟೇಪು ಅರ್ಧ ಎಳೆದು ನಿಂತ:
'ಯಾರ ಕಿವಿ, ಸ್ವಾಮಿ?'

ಬೆತ್ತದ ಕುರ್ಚಿಯಲ್ಲಿ ನನ್ನದು ಮೂವತ್ತೆಂಟಿಂಚು.
ನೆಲದ ಮೇಲೆ, ಗೋಡೆಗೊರಗಿ, ಅವಳದು ಇಪ್ಪತ್ತೇಳು.
'ನಂಗೇನು, ಅಡಿಗೆಮನೆಗೂ ಕೇಳತ್ತೆ' ಅಂದಳು.
ಮೂವತ್ತೆಂಟಕ್ಕೇ ಗರಗಸ ಬಿತ್ತು.

ಒಂದು ವರ್ಷ
ಕಣ್ಣು ಮುಚ್ಚಿದರೆ ಎದುರಿಗೇ ವೀಣೆ.
ಮೆಟ್ಟು ದಾಟುವ ಬೆರಳಿನ ಜಾರೂ ಕೇಳುತ್ತಿತ್ತು,
ಚಾಮರಾಜನಗರದ ರೈಲು
ಕಿಟಕಿಯ ಗಾಜು ಅಲುಗಿಸುವವರೆಗೆ.

ಧನುರ್ಮಾಸದಲ್ಲಿ ಒಂದು ಸಂಜೆ
ಎರಡು ಸೇರು ಹಿಚುಕಿದವರೆ ಆಗಬೇಕು, ಬಾ ಎಂದಳು.
ಕುಕ್ಕರಗಾಲಲ್ಲಿ ಕೂತೆ. ವೀಣೆ ಹಾಡುತ್ತಲೇ ಇತ್ತು,
ಬೆರಳು ಮಾತ್ರ ಇರಲಿಲ್ಲ.
ಮೇಲಿನ ತಂತಿಯೆಲ್ಲ ನಮ್ಮ ನೆತ್ತಿಯ ಮೇಲೆ ಹಾದು
ಆ ಖಾಲಿ ಕುರ್ಚಿಯ ಹತ್ತಿರ ಹೋಗುತ್ತಿತ್ತು.

'ನಿಂಗೆ ಯಾವಾಗ್ಲೂ ಹೀಗೇ ಕೇಳೋದ?'
'ಹೀಗೆ ಅಂದ್ರೆ?'
ಅವಳ ಹೆಬ್ಬೆರಳಿನಿಂದ ಬೇಳೆಯೊಂದು ಪುಟ್ಟನೆ ಹಾರಿ
ಸ್ಟ್ಯಾಂಡಿನ ಬುಡಕ್ಕೆ ಬಿತ್ತು.

ಕಾಳಾಚಾರಿಗೆ ಮತ್ತೆ ಹೇಳಿಕಳಿಸಿದೆ.
'ಅವತ್ತೇ ಕೇಳಿದ್ನಲ್ಲ' ಎಂದವನು
ಹನ್ನೊಂದಿಂಚು ಕೊಯ್ದ, ಕೂಲಿ ಪೂರ್ತಿ ತಗೊಂಡ.

ಈಗ ನಾನೂ ಜಮಖಾನದ ಮೇಲೆ.
ಏಳುವಾಗ ಮಂಡಿ ಶ್ರುತಿ ತಪ್ಪುತ್ತದೆ.
ಒಬ್ಬರಿಗೇ ಇರುವ ಆ ನಟ್ಟನಡುವಿನ ಜಾಗಕ್ಕೆ
ಮೊಣಕೈಯಲ್ಲಿ ತಿವಿದಾಡುತ್ತೇವೆ,
ಹೆಚ್ಚಾಗಿ ಅವಳೇ ಗೆಲ್ಲುತ್ತಾಳೆ.
ಕೊಯ್ದು ಮಿಕ್ಕ ತೇಗದ ತುಂಡೆರಡು
ಗಾಜು ಅದುರದ ಹಾಗೆ ಕಿಟಕಿಗೆ ಒತ್ತುಕೊಟ್ಟು ನಿಂತಿವೆ.
ರೈಲು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ.