ಎರಡನೇ ಪಾಳಿ

ಮಗ್ಗಗಳನ್ನು ತೂಕಕ್ಕೆ ಹಾಕಿ ಮಾರಿದ ಮೇಲೆ
ಮೂರು ಚಳಿಗಾಲ ಖಾಲಿ ಬಿದ್ದಿತ್ತು ನಮ್ಮ ಗಿರಣಿ.
ವುಚ್ ಊರಿನ ಪಾರಿವಾಳಗಳೆಲ್ಲ ಅಲ್ಲೇ ಸಂಸಾರ ಹೂಡಿದ್ದವು.
ಆಮೇಲೆ ಬಂದ ಕ್ಸಾವೆರಿ,
ಮೊನ್ನೆ ಮೊನ್ನೆಯವರೆಗೆ ಲಾರಿಯ ಹಿಂಬದಿ ನಿಂತು
ಸಂತೆಯಲ್ಲಿ ಬಾಳೆಹಣ್ಣು ಮಾರುತ್ತಿದ್ದವನು.
ಬಣ್ಣದ ಕೋಣೆಯ ಛಾವಣಿಗೆ ದೊಡ್ಡದೊಂದು ಬಾಣಲೆ ಏರಿಸಿ
ಆಕಾಶಕ್ಕೆ ಒಡ್ಡಿದ, ಭಿಕ್ಷೆಗೆ ಒಡ್ಡಿದ ಹಾಗೆ.
ಹೆಸರು ಟಿವಿ ಇಸ್ಕ್ರಾ. ಇಸ್ಕ್ರಾ ಅಂದರೆ ಕಿಡಿ.
ನಾವು ನಕ್ಕೆವು.
ಇಪ್ಪತ್ತೆರಡು ವರ್ಷ ಹತ್ತಿಯ ಧೂಳಿಗೆ ಹೆದರಿ
ಬೆಂಕಿಪೊಟ್ಟಣ ಗೇಟಿನಲ್ಲೇ ಬಿಟ್ಟು ಒಳಹೋದವರು ನಾವು.

ಅವನಿಗೆ ಜನ ಬೇಕಿತ್ತು, ಚಪ್ಪಾಳೆಗೆ.
ಸಂಜೆಗೆ ಹದಿನೈದು ಜ್ವೋಟಿ, ಒಂದು ಸಾಸೇಜು,
ಕೈ ಸುಡುವ ತೆಳು ಲೋಟದಲ್ಲಿ ಚಹಾ.
ಹೋದೆವು. ಗೆನೊವೆಫಾ, ವೀಸ್ವಾವಾ, ಬೊಗುಮಿಲಾ, ನಾನು.
ನಾಲ್ವರ ಎಂಟು ಕಿವಿಗಳಲ್ಲಿ
ಕೆಲಸ ಮಾಡುತ್ತಿದ್ದದ್ದು ಒಟ್ಟು ಒಂದೂವರೆ.
ಉಳಿದದ್ದನ್ನು ಲಾಳಿ ತಿಂದಿತ್ತು.

ಕಿವುಡರ ಮುಂದೆ ಕಿನ್ನರಿ ಅಂತೀರಲ್ಲ,
ಕಿನ್ನರಿಗೂ ಒಂದು ಕಾಲ ಬರುತ್ತದೆ,
ಕೂಲಿ ಕೊಟ್ಟು ಕಿವುಡರನ್ನು ಕೂರಿಸಿಕೊಳ್ಳುವ ಕಾಲ.

ಕೆಂಪು ದೀಪ ಹತ್ತಿದರೆ ತಟ್ಟಬೇಕು, ಆರಿದರೆ ನಿಲ್ಲಿಸಬೇಕು.
ಅಷ್ಟೆ.
ನೂಲು ಹರಿದಾಗಲೂ ಇಂಥದ್ದೇ ದೀಪ, ಕೈಗೆ ಕಲಿಸಬೇಕಾಗಲಿಲ್ಲ.
ಬೊಗುಮಿಲಾ ಮಾತ್ರ ದೀಪ ನೋಡುತ್ತಿರಲಿಲ್ಲ,
ನಮ್ಮ ಕೈ ನೋಡುತ್ತಿದ್ದಳು. ಹಾಗಾಗಿ
ಎಲ್ಲರ ಕೈ ಮಡಿಲಿಗೆ ಇಳಿದ ಮೇಲೆ ಅವಳದೊಂದು, ತಡವಾಗಿ.
ಹೆಡ್‌ಫೋನಿನ ಹುಡುಗ ಹುಬ್ಬು ಗಂಟಿಕ್ಕುತ್ತಿದ್ದ.

ಚಕ್ರ ತಿರುಗಿತು. ಫ್ರಿಜ್ ಗೆದ್ದವರು ಅತ್ತರು,
ಸೋತವರಿಗೆ ಒಂದು ಛತ್ರಿ.
ಮೀಟರಿನ ಲೆಕ್ಕದಲ್ಲಿ ಬಟ್ಟೆ ಅಳೆದ ಅದೇ ಹಜಾರದಲ್ಲಿ
ಸೆಕೆಂಡಿನ ಲೆಕ್ಕದಲ್ಲಿ ಗಾಳಿ ಮಾರಿದ ಕ್ಸಾವೆರಿ,
ಸಾಬೂನಿನ ಪುಡಿಯವರಿಗೆ, ಕಾಫಿಯವರಿಗೆ,
ಆಮೇಲೆ ಬ್ಯಾಂಕಿನವರಿಗೆ.
ವಾರ್ತೆ ಇಪ್ಪತ್ತು ನಿಮಿಷವಿದ್ದದ್ದು ಹನ್ನೊಂದಾಯಿತು.
ಮೊದಲು ನಮ್ಮ ಬೀದಿ, ಆಮೇಲೆ ಊರು, ಆಮೇಲೆ ವಾರ್ಸಾದ ಛಾವಣಿಗಳು.
ಹಾಸಿಗೆ ಹೊಕ್ಕು ಎಳೆದ ಹಾಗೆ
ಮನೆಯಿಂದ ಮನೆಗೆ ಅವನ ತಂತಿ.
ನಮ್ಮ ಸಾಸೇಜು ಮಾತ್ರ ಅಷ್ಟೇ ಉದ್ದ.

ಒಂದು ಗುರುವಾರ ಗಾಜಿನ ಗೂಡಿನೊಳಗೆ
ಅವನೂ ಅವನ ಲೆಕ್ಕಿಗನೂ ನಿಂತಿದ್ದರು.
ಮಗ್ಗದ ಗದ್ದಲದಲ್ಲಿ ತುಟಿ ಓದಿಯೇ
ಮದುವೆ, ಬಸಿರು, ಮುಷ್ಕರ ಎಲ್ಲ ಮಾತಾಡಿ ಮುಗಿಸಿದವರಿಗೆ
ಗಾಜು ಯಾವ ಗೋಡೆ?
"ಮಾರಾಯಿತು," ಅಂದ. "ಸಹಿಯೊಂದೇ ಬಾಕಿ."
"ಈ ಹೆಂಗಸರು?" ಲೆಕ್ಕಿಗ ಕೇಳಿದ.
"ಒಂದು ಸಲ ಟೇಪಿಗೆ ಹಿಡಿದರೆ ಸಾಕಲ್ಲ."
ನಾವು ನಾಲ್ವರೂ ಒಟ್ಟಿಗೆ ಓದಿದೆವು.
ಆಗಲೇ ದೀಪ ಹತ್ತಿತು.
ಹಾಳು ಕೈ,
ತಟ್ಟಿತು.

ಈಗ ಇಸ್ಕ್ರಾ ಎಷ್ಟೋ ದೇಶಗಳಲ್ಲಿದೆಯಂತೆ.
ಗಿರಣಿಯಲ್ಲಿ ಮಾಲ್.
ಬೊಗುಮಿಲಾ ಹೋಗಿ ಆರು ವರ್ಷ.
ಶನಿವಾರ ಚಕ್ರದ ಆಟ ಬಂದಾಗ
ಟಿವಿಯ ಬೆನ್ನಿಗೆ ಅಂಗೈ ಇಟ್ಟು ನಿಲ್ಲುತ್ತೇನೆ.
ಮಳೆ ಬಂದಂತೆ ಬಂದು ನಿಲ್ಲುತ್ತದೆ ಚಪ್ಪಾಳೆ.
ನಿಂತ ಮೇಲೆ ಇನ್ನೊಂದು,
ಸಣ್ಣದು, ತಡವಾಗಿ, ಹೆಬ್ಬೆರಳ ಬುಡಕ್ಕೆ ತಾಗುತ್ತದೆ.

ಮೊಮ್ಮಗ ನನ್ನತ್ತ ತಿರುಗಿ, ತುಟಿ ಬಿಡಿಸಿ ಬಿಡಿಸಿ ಕೇಳುತ್ತಾನೆ:
ಯಾರಜ್ಜಿ ಅವರೆಲ್ಲ?
ಎರಡನೇ ಪಾಳಿಯವರು, ಅನ್ನುತ್ತೇನೆ.
ಇನ್ನೂ ಬಿಟ್ಟಿಲ್ಲ ನೋಡು ಅವರನ್ನು.